ಗುನುಗು ನಿಂತರೆ ಕೂಸನ್ನು ಇಸಿದುಕೋ

ಆ ಭಾನುವಾರ ಮಾಡಿದ ಕೆಲಸಗಳು: ಅಂಗಳ ಕಸ ಹೊಡೆದು ನೀರು ಚಿಮುಕಿಸಿದ್ದು. ಹಂಡೆ ತುಂಬಿ ಒಲೆ ಹೊತ್ತಿಸಿದ್ದು. ಅತ್ತೆಗೆ ಚಹಾ, ಬಿ.ಪಿ. ಗುಳಿಗೆ. ಹದಿನಾರು ರೊಟ್ಟಿ ಬಡಿದದ್ದು. ಬಾಣಂತಿಗೆ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಹುರಿದು ಹಾಕಿದ ತುಪ್ಪದನ್ನ. ಕೂಸಿನ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದು. ಅಂಗನವಾಡಿಯ ತೂಕದ ರಿಜಿಸ್ಟರಿನಲ್ಲಿ ಬಾಕಿ ಉಳಿದ ಆರು ಮಕ್ಕಳ ಹೆಸರು ತುಂಬಿದ್ದು. ಎಂಟೂವರೆಗೆ ಕೂಸಿಗೆ ನೀರು ಎರೆಯಲು ಕುಳಿತದ್ದು.

ನನ್ನ ಪುಸ್ತಕದಲ್ಲಿ ಆ ದಿನದ ಬರಹ ಅಲ್ಲಿಗೇ ನಿಂತಿದೆ.

ನಾನು ತಾವರಗೇರಾದಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ಟೀಚರ್. ದಿನದ ಕೆಲಸ ಬರೆದಿಡುವುದು ರಿಜಿಸ್ಟರುಗಳಿಂದ ಕೈಗೆ ಹತ್ತಿದ ಚಟ. ಮನೆಯಲ್ಲೂ ಒಂದು ಪುಸ್ತಕ ಇಟ್ಟಿದ್ದೇನೆ. ಏನು ಮಾಡಿದೆ, ಏನು ಉಂಡೆವು, ಯಾರು ಮೊದಲು ಮಲಗಿದರು, ಇಷ್ಟೇ ಅದರಲ್ಲಿ. ಕಡೆಯದನ್ನು ಬರೆಯಲು ಶುರುಮಾಡಿದ್ದು ಮಗಳು ರೇಣುಕಾ ಸಣ್ಣವಳಿದ್ದಾಗ. ಅವಳು ನಿದ್ದೆಗೆ ಬಹಳ ಕಾಡುತ್ತಿದ್ದಳು, ಮಲಗಿದ ದಿನ ಗೆದ್ದಂತೆ ಅನಿಸುತ್ತಿತ್ತು. ಆಮೇಲೆ ರೂಢಿ ಬಿಡಲಿಲ್ಲ. ಆದರೆ ಹಿಂದಿನ ಎಂಟು ವರ್ಷದ ಪುಟಗಳನ್ನು ತಿರುವಿದರೆ ಆ ಸಾಲಿನಲ್ಲಿ ದಿನವೂ ಒಂದೇ ಉತ್ತರ: ನಾನು.

ಆ ಭಾನುವಾರ ರೇಣುಕಾಳ ಕೂಸಿಗೆ ಇಪ್ಪತ್ತನೆಯ ದಿನ. ಚೊಚ್ಚಲು ಹೆರಿಗೆ, ನಮ್ಮ ಮನೆಯಲ್ಲೇ ಬಾಣಂತನ. ಬಚ್ಚಲಲ್ಲಿ ಮಣೆ ಹಾಕಿ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಅವುಗಳ ಮೇಲೆ ಬೋರಲು ಮಲಗಿಸಿಕೊಂಡಿದ್ದೆ. ಬೆನ್ನಿಗೆ ಎಣ್ಣೆ ಹಚ್ಚಿದೆ, ಕಡಲೆ ಹಿಟ್ಟು ತಿಕ್ಕಿದೆ. ಎರಡು ತಂಬಿಗೆ ಬಿಸಿ ನೀರು ಹಾಕಿದೆ. ಹಬೆ ಎದ್ದಿತು. ರೇಣುಕಾ ಒರೆಸುವ ಬಟ್ಟೆ ತರಲು ಒಳಗೆ ಹೋದಳು. ಅಷ್ಟೇ ನೆನಪು.

ನಿದ್ದೆ ಬಂತು ಎಂದರೆ ತಪ್ಪಾಗುತ್ತದೆ. ಬರುವುದು, ತೂಗುವುದು, ಕಣ್ಣು ಎಳೆಯುವುದು ಯಾವುದೂ ಇರಲಿಲ್ಲ. ನಾನು ಇದ್ದೆ, ಆಮೇಲೆ ಇರಲಿಲ್ಲ.

"ಯವ್ವಾ! ಕೂಸು!"

ಕಣ್ಣು ಬಿಟ್ಟಾಗ ನನ್ನ ಕಾಲುಗಳ ನಡುವೆ ಜಾಗ ಆಗಿತ್ತು. ಕೂಸು ಅಲ್ಲಿಂದ ಜಾರಿ, ಬಚ್ಚಲ ಮೋರಿಯ ಬಾಯಲ್ಲಿ ನಿಂತ ನೀರಿಗೆ ಮುಖ ಕೊಟ್ಟು ಬಿದ್ದಿತ್ತು. ರೇಣುಕಾ ಅದನ್ನು ಎತ್ತಿ, ತಲೆಕೆಳಗೆ ಮಾಡಿ ಬೆನ್ನು ಬಡಿದಳು. ಕೂಸು ಅಳಲಿಲ್ಲ. ಮತ್ತೆ ಬಡಿದಳು. ಅತ್ತೆ ಹೊಸ್ತಿಲಲ್ಲಿ ನಿಂತು ಎದೆ ಹಿಡಿದುಕೊಂಡರು. ಆಮೇಲೆ ಕೂಸು ಕೆಮ್ಮಿತು, ನೀರು ಕಾರಿತು, ಅತ್ತಿತು. ಆ ಅಳು ಕೇಳುವವರೆಗೆ ಎಷ್ಟು ಹೊತ್ತಾಯಿತು ಎಂದು ಯಾರೂ ಎಣಿಸಲಿಲ್ಲ. ನನಗಂತೂ ಅದು ಇನ್ನೂ ಮುಗಿದಿಲ್ಲ.

ನಾನು ಕೈ ಚಾಚಿದೆ. ರೇಣುಕಾ ಹಿಂದೆ ಸರಿದಳು.

"ಮುಟ್ಟಬ್ಯಾಡ. ನೀ ಕೂಸು ಮುಟ್ಟಬ್ಯಾಡ ಅವ್ವ."

ಮರುದಿನದಿಂದ ಹಿಂದಿನ ಓಣಿಯ ಬಸಮ್ಮ ಬಂದು ಎರೆಯತೊಡಗಿದಳು. ನಾನು ನೀರು ಕಾಯಿಸಿ ಬಚ್ಚಲ ಬಾಗಿಲಿಗೆ ಇಟ್ಟು ಬರುತ್ತಿದ್ದೆ. ತವರಿಗೆ ಬಂದ ಮಗಳ ಕೂಸಿಗೆ ತಾಯಿಯ ತಾಯಿ ಎರೆಯಬೇಕು, ಅದು ಯಾರೂ ಕೇಳದೆ ಬರುವ ಹಕ್ಕು. ಬದುಕಿರುವ ಅಜ್ಜಿ ಬಚ್ಚಲ ಹೊರಗೆ ನಿಂತಿದ್ದಾಳೆ ಎಂದರೆ ಓಣಿಯಲ್ಲಿ ಕಾರಣ ಕೇಳುತ್ತಾರೆ. ರೇಣುಕಾ ಯಾರಿಗೂ ಹೇಳಲಿಲ್ಲ. "ಅವ್ವಗ ಸೊಂಟ ಹಿಡಿದೈತಿ" ಎಂದಳು. ಅವಳು ನನ್ನ ಮಾನ ಕಾಯ್ದದ್ದು ಕೂಡ ಚುಚ್ಚುತ್ತಿತ್ತು. ಐದನೆಯ ತಿಂಗಳಿಗೆ ತೊಟ್ಟಿಲು ಹೊರಿಸಿಕೊಂಡು ಅವಳು ಯಲಬುರ್ಗಾದ ಗಂಡನ ಮನೆಗೆ ಹೋಗುತ್ತಾಳೆ. ಅಷ್ಟರೊಳಗೆ ಒಂದೇ ಒಂದು ಸಲ, ಅವಳು ತಾನಾಗಿ ಕೂಸನ್ನು ನನ್ನ ಕಾಲ ಮೇಲೆ ಹಾಕಬೇಕು. ನನಗೆ ಬೇರೆ ಏನೂ ಬೇಡವಾಗಿತ್ತು.

ಹಗಲಿನ ನಿದ್ದೆ ನನಗೆ ಹೊಸದಾಗಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತೋರಿಸುತ್ತಲೇ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಬೀಳುತ್ತಿತ್ತು. ನಾಲ್ಕು ವರ್ಷದ ಒಂದು ಹುಡುಗಿ ಉಳಿದವರಿಗೆ ಬಾಯ ಮೇಲೆ ಬೆರಳಿಟ್ಟು, "ಸುಮ್ನ ಕುಂದರ್ರಿ, ಟೀಚರ್ ಮಕ್ಕೊಂಡಾರ" ಎನ್ನುತ್ತಿದ್ದಳಂತೆ. ಬೇರೆ ಅಂಗನವಾಡಿಗಳಲ್ಲಿ ಟೀಚರ್ ಮಕ್ಕಳನ್ನು ಮಲಗಿಸುತ್ತಾರೆ, ನಮ್ಮಲ್ಲಿ ಮಕ್ಕಳು ಟೀಚರನ್ನು ಮಲಗಿಸುತ್ತಾರೆ ಎಂದು ಅಡುಗೆಯ ಸಹಾಯಕಿ ನಗುತ್ತಿದ್ದಳು. ನಾನೂ ನಕ್ಕೆ. ನಿದ್ದೆ ತಡೆಯಲು ಸೆರಗಿನ ಗಂಟಿನಲ್ಲಿ ಹಸಿಮೆಣಸಿನಕಾಯಿ ಇಟ್ಟುಕೊಂಡು ಕಚ್ಚುತ್ತಿದ್ದೆ. ಕಣ್ಣ ಕೆಳಗೆ ತಲೆನೋವಿನ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ನಿಂತೇ ಬರೆಯುತ್ತಿದ್ದೆ. ನಿಂತಲ್ಲೂ ಒಮ್ಮೆ ಮಲಗಿ ಗೋಡೆಗೆ ಹಣೆ ಬಡಿದುಕೊಂಡೆ.

ರಾತ್ರಿ ಎಂಟೂವರೆಗೆ ಮಲಗಿ ಐದಕ್ಕೆ ಏಳುವ ಹೆಂಗಸಿಗೆ ಹಗಲಲ್ಲಿ ನಿದ್ದೆ ಬಂದರೆ ಜನ ಏನು ಅನ್ನಬೇಕು? ಅತ್ತೆ ಮುಖಕ್ಕೇ ಅನ್ನುತ್ತಿದ್ದರು: "ನಮ್ಮ ಸೊಸಿಗೆ ದೇವರು ಎರಡು ಹೊಟ್ಟಿ ಕೊಡಲಿಲ್ಲ, ಎರಡು ನಿದ್ದಿ ಕೊಟ್ಟ." ನಮ್ಮ ಮನೆಯವರು ಕರೆಂಟ್ ಲೈನ್‌ಮನ್, ದಿನವೆಲ್ಲ ಕಂಬ ಹತ್ತಿ ಇಳಿದು ಬರುತ್ತಾರೆ. ನನ್ನ ಗೊರಕೆಗೆ ಅವರಿಗೆ ನಿದ್ದೆ ಇಲ್ಲವೆಂದು ಐದಾರು ವರ್ಷದಿಂದ ಹಾಸಿಗೆ ಅಂಗಳಕ್ಕೆ ಹೋಗಿತ್ತು. "ಟ್ರಾನ್ಸ್‌ಫಾರ್ಮರ್ ಸುಟ್ಟಂಗ ಸಪ್ಪಳ ಮಾಡ್ತಾಳ" ಎಂದು ಬೀಗರ ಮುಂದೆಯೂ ಹೇಳಿ ನಗಿಸುತ್ತಿದ್ದರು.

ಕೂಸು ಜಾರಿದ ಮೇಲೆ ಅವರು ನಗಿಸುವುದನ್ನು ಬಿಟ್ಟರು. ಮಾತನ್ನೂ ಬಿಟ್ಟರು. ಅದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು.

ಮೊದಲು ಕುಷ್ಟಗಿಯಲ್ಲಿ ತೋರಿಸಿದೆವು. ರಕ್ತ ತೆಗೆದರು, ಸಕ್ಕರೆ ನೋಡಿದರು, ಥೈರಾಯ್ಡ್ ನೋಡಿದರು. ರಕ್ತ ಸ್ವಲ್ಪ ಕಡಿಮೆ ಎಂದು ಗುಳಿಗೆ ಕೊಟ್ಟರು. "ಬ್ಯಾರೆ ಏನರ ಔಷಧ ತಗೋತೀರೇನು?" ಎಂದು ಕೇಳಿದರು. "ಏನೂ ಇಲ್ರಿ" ಎಂದೆ. ನಿಜವನ್ನೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಮೂರು ವಾರ ಗುಳಿಗೆ ನುಂಗಿದೆ. ಅತ್ತೆ ದರ್ಗಾದಿಂದ ದಾರ ತರಿಸಿ ತೋಳಿಗೆ ಕಟ್ಟಿದರು. ಗುಳಿಗೆಯೂ ದಾರವೂ ಇದ್ದಂತೆಯೇ ಹಾಲು ಕಾಸುತ್ತ ಒಲೆಯ ಮುಂದೆ ಮಲಗಿದೆ. ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಕಪ್ಪಾಗಿತ್ತು. ರೇಣುಕಾ ಬಂದು ಪಾತ್ರೆ ಇಳಿಸಿದಳು. ಕೂಸಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಆ ಚಿಲಕದ ಸಪ್ಪಳ! ನಾನೇ ಹೆತ್ತವಳು, ನನ್ನ ಮನೆಯಲ್ಲೇ, ನನಗೆ ಹೆದರಿ ಚಿಲಕ ಹಾಕಿಕೊಂಡಿದ್ದಾಳೆ. ಆ ಮಧ್ಯಾಹ್ನ ಕರಿ ಹಿಡಿದ ಪಾತ್ರೆ ತಿಕ್ಕುತ್ತ ಒಂದು ಯೋಚನೆ ಬಂತು. ನಾನು ಇರದಿದ್ದರೆ ಈ ಮನೆಯಲ್ಲಿ ಎಲ್ಲರೂ ಕಣ್ಣು ತುಂಬ ಮಲಗುತ್ತಾರೆ ಎಂದು. ಬಂದದ್ದನ್ನು ಮುಚ್ಚಿಡುವುದಿಲ್ಲ, ಓದುವವರಲ್ಲಿ ಯಾರಿಗಾದರೂ ಬಂದಿದ್ದರೆ ಒಬ್ಬರೇ ಅಲ್ಲ ಎಂದು ತಿಳಿಯಲಿ. ನಾನು ಅದನ್ನು ಬಸಮ್ಮನಿಗೆ ಹೇಳಿದೆ. ಅವಳು ನಮ್ಮ ಮನೆಯವರಿಗೆ ಹೇಳಿದಳು. ಅವರು ಮರುದಿನ ರಜೆ ಹಾಕಿದರು.

"ನಡಿ, ಕೊಪ್ಪಳಕ್ಕ ಹೋಗೂಣು. ಗೊರಕಿಗೆ ಮೂಗಿನ ಡಾಕ್ಟರ್ ನೋಡತಾರಂತ" ಎಂದರು. ಆ ತಿಂಗಳಲ್ಲಿ ಅವರು ನನಗೆ ಆಡಿದ ಮೊದಲ ಪೂರ್ತಿ ಮಾತು ಅದು.

ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಕೊಪ್ಪಳದ ಕಿವಿ ಮೂಗು ಗಂಟಲಿನ ದವಾಖಾನೆ ಮುಟ್ಟಿದಾಗ ಹತ್ತೂವರೆ. ಉದ್ದನೆಯ ಬೆಂಚು, ಅದರ ತುಂಬ ಜನ. ಕಿವಿಗೆ ಅರಳೆ ಇಟ್ಟುಕೊಂಡವರು, ಗಂಟಲಿಗೆ ಮಫ್ಲರ್ ಸುತ್ತಿದವರು. ನಮ್ಮದು ಇಪ್ಪತ್ತಾರನೆಯ ನಂಬರು. ಮನೆಯವರು ಚಹಾ ಕುಡಿಯಲು ಹೊರಗೆ ಹೋದರು. ನಾನು ಚೀಟಿ ಕೈಯಲ್ಲಿ ಹಿಡಿದು, ಮಲಗಬಾರದು, ಮಲಗಬಾರದು ಎಂದುಕೊಳ್ಳುತ್ತ ಕುಳಿತೆ. ಯಾರೋ ಮೊಣಕೈ ತಟ್ಟಿದರು. ಪಕ್ಕದಲ್ಲಿ ಕುಳಿತ ಮುದುಕ, ತಲೆಗೆ ರುಮಾಲು.

"ತಂಗಿ, ನಿನ್ನ ನಂಬರ್ ಹೋತು. ಮೂರು ಸಲ ಕರದ್ರು. ನಾನೂ ಅಲುಗಿಸಿದೆ. ನೀ ಏಳಲಿಲ್ಲ."

ಚೀಟಿ ನೆಲಕ್ಕೆ ಬಿದ್ದಿತ್ತು. ಇನ್ನು ಕಡೆಗೇ ಕರೆಯುವುದು ಎಂದಳು ನರ್ಸ್. ಕಡೆಗೆಂದರೆ ಸಂಜೆಯ ಬಸ್ಸು ತಪ್ಪುತ್ತದೆ. ಅಷ್ಟು ಜನರ ಮುಂದೆ ನನಗೆ ಅಳು ಬಂತು. ಮುದುಕ ಮುಖ ನೋಡಿದ.

"ನಂದು ಮೂವತ್ತೊಂದು. ತಗೋ. ನನಗ ಕಿವಿ ಸರಿ ಕೇಳಂಗಿಲ್ಲ, ಇನ್ನ ಎರಡು ತಾಸು ಕೇಳದಿದ್ರ ಏನ ಹೋಗೂದೈತಿ?"

"ಬ್ಯಾಡ್ರಿ ಅಣ್ಣಾರ, ನಿಮಗೂ ಊರು ದೂರ..."

"ಕೇಳಂಗಿಲ್ಲ ಅಂದ್ನೆಲ್ಲವ್ವ!" ಎಂದು ಚೀಟಿಯನ್ನು ನನ್ನ ಮುಷ್ಟಿಗೆ ತುರುಕಿದ. ಅವನ ಹೆಸರು ಕೇಳಲಿಲ್ಲ. ಯಾವ ಊರು ಎಂದೂ ಕೇಳಲಿಲ್ಲ. ಇಂದಿಗೂ ಕೈ ಮುಗಿಯುತ್ತೇನೆ.

ಅಷ್ಟರಲ್ಲಿ ಮನೆಯವರೂ ಬಂದರು. ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗಂಗಾವತಿ ಕಡೆಯವರು ಎಂದು ಆಮೇಲೆ ಗೊತ್ತಾಯಿತು. ಗೊರಕೆ, ಹಗಲಿನ ನಿದ್ದೆ ಎಲ್ಲ ಕೇಳಿಕೊಂಡು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು, ಬಹಳ ಹೊತ್ತು ನೋಡಿದರು.

"ಏನರ ಔಷಧ ಹಾಕ್ಕೋತೀರೇನ್ರಿ ಮೂಗಿಗೆ?"

"ಇಲ್ರಿ ಮೇಡಂ."

ಕುಷ್ಟಗಿಯ ಚೀಟಿ ಕೇಳಿದರು. ಅದು ಸೊಂಟದಲ್ಲಿದ್ದ ಸಂಚಿಯಲ್ಲಿತ್ತು. ಎಲೆ ಅಡಿಕೆ ಇಡುವ, ನಾಲ್ಕು ಜೇಬಿನ ಬಟ್ಟೆಯ ಸಂಚಿ. ಎಲೆ ತಿನ್ನುವುದು ಬಿಟ್ಟು ಎಷ್ಟೋ ವರ್ಷವಾದರೂ ಸಂಚಿ ಬಿಟ್ಟಿಲ್ಲ. ಬಿಚ್ಚಿದಾಗ ಚೀಟಿಯ ಜೊತೆ ಒಂದು ಪುಟ್ಟ ಬಾಟಲಿ ಜಾರಿ ಮೇಜಿನ ಮೇಲೆ ಉರುಳಿತು. ಡಾಕ್ಟರಮ್ಮ ಅದನ್ನು ಎತ್ತಿಕೊಂಡರು.

"ಇದೇನ್ರಿ ಮತ್ತ?"

"ಅದು ಔಷಧ ಅಲ್ರಿ. ಮೂಗಿನ ಹನಿ."

"ದಿನಾ ಹಾಕ್ಕೋತೀರಾ?"

"ಹ್ಞೂಂ ರಿ. ಐದಾರು ಸಲ. ಹಾಕ್ಕೊಳ್ಳದಿದ್ರ ಮೂಗು ಕಟ್ಟತೈತಿ."

"ಎಷ್ಟು ದಿನ ಆತು?"

"ಎಂಟು ವರ್ಷ."

ಮನೆಯವರು ನನ್ನ ಕಡೆ ತಿರುಗಿದರು. ಅವರಿಗೂ ಗೊತ್ತಿರಲಿಲ್ಲ. ಒಮ್ಮೆ ಮಳೆಗಾಲದ ನೆಗಡಿಗೆ ಅಂಗಡಿಯಲ್ಲಿ ಕೇಳಿ ತಂದದ್ದು, ಅಡಿಕೆಯ ಜೇಬಿನಲ್ಲಿ ಉಳಿದುಕೊಂಡಿತ್ತು. ಔಷಧವೆಂದರೆ ನನ್ನ ಲೆಕ್ಕದಲ್ಲಿ ಗುಳಿಗೆ, ಸೂಜಿ. ಸಂಚಿಯಲ್ಲಿ ಇರುವುದು ಎಲೆ, ಸುಣ್ಣ, ಹನಿ. ಅಂಗನವಾಡಿಗೆ ಬರುವ ತಾಯಂದಿರಿಗೆ ಔಷಧದ ಬಗ್ಗೆ ಪಾಠ ಹೇಳುವ ನಾನು ಇಷ್ಟು ದಡ್ಡಿಯಾಗಿದ್ದೆ.

"ನೋಡ್ರಿ, ನಾಕೈದು ದಿನ ಹಾಕ್ಕೊಳ್ಳೋ ಔಷಧ ಇದು. ಮೊದಲು ಮೂಗು ತೆರೀತೈತಿ, ಆಮ್ಯಾಲೆ ತಾನಾ ಮುಚ್ಚತೈತಿ. ನಿಮ್ಮ ಮೂಗು ಒಳಗ ಬಾತು ಕುಂತೈತಿ" ಎಂದರು. ಬೈಯಲಿಲ್ಲ. "ಬಾಯಿ ಮುಚ್ಚಿ, ಮ್ ಅಂತ ಗುನುಗ್ರಿ ನೋಡೂಣು."

ಬಾಯಿ ಮುಚ್ಚಿದೆ. ಗುನುಗಲು ಹೋದೆ. ಸ್ವರ ಗಂಟಲಲ್ಲೇ ಸಿಕ್ಕಿಬಿದ್ದು ಉಬ್ಬಿತು, ಹೊರಬರಲಿಲ್ಲ. ಮತ್ತೆ ಮಾಡಿದೆ. ಇಲ್ಲ.

ಹಾಡು ನನಗೆ ಬರುವುದಿಲ್ಲ. ಆದರೆ ರೊಟ್ಟಿ ಬಡಿಯುವಾಗ, ರೇಣುಕಾಳನ್ನು ತೂಗುವಾಗ, ಎರೆಯುವಾಗ ಗುನುಗುತ್ತಿದ್ದೆ. ಅದು ಯಾವಾಗ ನಿಂತಿತು? ಯಾರೂ ಕೇಳಲಿಲ್ಲ, ನನಗೂ ತಿಳಿಯಲಿಲ್ಲ. ಆ ಕುರ್ಚಿಯಲ್ಲಿ ಕುಳಿತು ಮೊದಲ ಸಲ ನನ್ನ ಮೂಗಿಗಾಗಿ ನನಗೆ ದುಃಖವಾಯಿತು.

ಡಾಕ್ಟರಮ್ಮ ಹೇಳಿದ್ದನ್ನು ತಿಳಿದಷ್ಟು ಬರೆಯುತ್ತೇನೆ. ಮೂಗು ಬರೀ ಗಾಳಿ ಹೋಗುವ ತೂತಲ್ಲವಂತೆ. ಕೆನ್ನೆ, ಹಣೆಯ ಎಲುಬಿನೊಳಗೆ ಪೊಳ್ಳುಗಳಿವೆ, ಅಲ್ಲಿ ಒಂದು ಗಾಳಿ ಹುಟ್ಟುತ್ತದೆ, ಅದರ ಹೆಸರು ನೈಟ್ರಿಕ್ ಆಕ್ಸೈಡ್. ಮೂಗಿನಿಂದ ಉಸಿರು ಎಳೆದರೆ ಅದು ಉಸಿರಿನ ಕೈ ಹಿಡಿದು ಪುಪ್ಪುಸಕ್ಕೆ ಹೋಗುತ್ತದೆ, ರಕ್ತಕ್ಕೆ ಪ್ರಾಣವಾಯು ಸೇರಲು ನೆರವಾಗುತ್ತದೆ. ಬಾಯಿಂದ ಎಳೆದರೆ ಅದು ಹಿಂದೆಯೇ ಉಳಿಯುತ್ತದೆ. ಗುನುಗಿದಾಗ ಆ ಪೊಳ್ಳುಗಳು ಅಲುಗಿ ಅದು ಹೆಚ್ಚು ಹೊರಬರುತ್ತದೆ.

"ಹಂಗಾದ್ರ ಆ ಗಾಳಿದು ಗುಳಿಗಿ ಸಿಗತೈತೇನ್ರಿ?" ಎಂದರು ಮನೆಯವರು.

ಡಾಕ್ಟರಮ್ಮ ನಕ್ಕರು. "ಇಲ್ರಿ. ಅದು ಅವರ ಮೂಗಿನೊಳಗ ತಯಾರಾಗೂದು. ನಿದ್ದಿಗೂ ಆ ಗಾಳಿಗೂ ಏನೇನು ಸಂಬಂಧ ಐತಿ ಅಂತ ಕಲಿತವರು ಇನ್ನೂ ಹುಡುಕಾಕತ್ತಾರ. ನಾ ಸುಳ್ಳು ಹೇಳಂಗಿಲ್ಲ, ಗುನುಗಿದ್ರ ಈ ರೋಗ ಹೋಗೂದಿಲ್ಲ. ಮೊದಲು ಮೂಗು ತೆರೀಬೇಕು. ಆಮ್ಯಾಲೆ ರಾತ್ರಿ ಏನ ಆಗತೈತಿ ಅಂತ ನೋಡಬೇಕು."

ಹನಿ ನಿಲ್ಲಿಸಬೇಕು, ಉಪ್ಪುನೀರಿನಿಂದ ಮೂಗು ತೊಳೆಯಬೇಕು, ಬೇರೆ ಒಂದು ಸಿಂಪಡಿಸುವ ಔಷಧ. ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ.

ಆ ಎರಡು ವಾರ ನರಕ. ಮೂಗಿಗೆ ಯಾರೋ ಹಸಿ ಮಣ್ಣು ಮೆತ್ತಿದಂತೆ. ಉಣ್ಣುವಾಗ ತುತ್ತು ನುಂಗಲು ಉಸಿರು ಬಿಡಬೇಕು, ಉಸಿರಾಡಲು ತುತ್ತು ಬಿಡಬೇಕು. ಗಂಟಲು ಒಣಗಿ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಮೂರು ಸಲ ಔಷಧಿ ಅಂಗಡಿಯವರೆಗೆ ಹೋಗಿ ವಾಪಸು ಬಂದೆ. ನಾಲ್ಕನೆಯ ಸಲ ಕೊಂಡೇ ತಂದೆ. ಹೊಸ ಬಾಟಲಿ ಸಂಚಿಯಲ್ಲಿತ್ತು. ರೇಣುಕಾ ಕೂಸನ್ನು ಎತ್ತಿಕೊಂಡು ನನ್ನ ಮುಂದೆ ಹಾದು ಹೋದಳು. ಎರಡು ತಿಂಗಳ ಕೂಸು ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ನಾನು ಎದ್ದು ಹೋಗಿ ಬಾಟಲಿಯನ್ನು ಅದೇ ಬಚ್ಚಲ ಮೋರಿಗೆ ಸುರಿದೆ.

ಹನ್ನೆರಡನೆಯ ದಿನ ಎಡಗಡೆಯ ಮೂಗು ಸ್ವಲ್ಪ ತೆರೆಯಿತು. ಒಗ್ಗರಣೆಯ ವಾಸನೆ ಬಂತು. ಎಂಟು ವರ್ಷದ ನಂತರ ಬೆಳ್ಳುಳ್ಳಿಯ ವಾಸನೆಗೆ ಒಬ್ಬಳು ಹೆಂಗಸು ಒಲೆಯ ಮುಂದೆ ಕುಳಿತು ಅತ್ತಳು ಎಂದರೆ ಯಾರು ನಂಬುತ್ತಾರೆ?

ಮತ್ತೆ ಕೊಪ್ಪಳಕ್ಕೆ ಹೋದಾಗ ರಾತ್ರಿ ಕಟ್ಟಿಕೊಂಡು ಮಲಗುವ ಒಂದು ಯಂತ್ರ ಕೊಟ್ಟರು. ಮೂಗಿಗೆ ಒಂದು ಕೊಳವೆ, ಬೆರಳಿಗೆ ಚಿಮಟಿಗೆಯಂಥದ್ದು. ಅದರ ಕಾಗದ ಬಂದ ದಿನ ಡಾಕ್ಟರಮ್ಮ ಗೆರೆಗಳನ್ನು ತೋರಿಸಿದರು. ಏಳುವ ಇಳಿಯುವ ಗೆರೆ ನನ್ನ ಉಸಿರು. ನಡುನಡುವೆ ಅದು ಚಪ್ಪಟೆ. ಮತ್ತೆ ಏಳುತ್ತದೆ, ಮತ್ತೆ ಚಪ್ಪಟೆ. ಪುಟದಿಂದ ಪುಟಕ್ಕೆ ಹೀಗೇ. ಕಂಬ ಹತ್ತುವ ಮನುಷ್ಯನಿಗೆ ನನಗಿಂತ ಮೊದಲು ತಿಳಿಯಿತು.

"ಇಲ್ಲಿ ಲೈನ್ ಹೋಗೈತಿ" ಎಂದರು. ಬೆರಳು ಸರಿಸಿದರು. "ಇಲ್ಲೂ ಹೋಗೈತಿ. ಇಲ್ಲಿ... ಇಷ್ಟುದ್ದ..."

"ಹೌದ್ರಿ. ಗಂಟಲು ಒಳಗ ಮುಚ್ಚಿ ಉಸಿರು ನಿಲ್ಲತೈತಿ. ಮಿದುಳು ಗಾಬರಿಯಾಗಿ ಎಬ್ಬಸತೈತಿ. ಅವರಿಗೆ ಎಚ್ಚರಾಗಿದ್ದು ಗೊತ್ತಾಗಂಗಿಲ್ಲ. ರಾತ್ರಿಯಿಡೀ ಇದಾ ನಡದೈತಿ. ಅವರು ಮಲಗೇ ಇಲ್ಲ."

ಮಲಗೇ ಇಲ್ಲ! ಎಂಟು ವರ್ಷ ನನ್ನ ಪುಸ್ತಕದಲ್ಲಿ ಮೊದಲು ಮಲಗಿದವಳು ನಾನು. ಮಲಗದೇ ಉಳಿದವಳೂ ನಾನೇ.

ಬಸ್ ನಿಲ್ದಾಣದಲ್ಲಿ ಮನೆಯವರು ಮಿರ್ಚಿ ಮಂಡಾಳ ತಂದು ನನ್ನ ಕೈಗೆ ಕೊಟ್ಟರು, ತಾವು ತಿನ್ನಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆ ನೋಡುತ್ತ ಅಂದರು: "ನಾ ಅಂಗಳದಾಗ ಮಕ್ಕೋತಿದ್ದೆ. ಒಳಗಿದ್ರ ನಿನ್ನ ಉಸಿರು ನಿಂತಿದ್ದು ಕಾಣತಿತ್ತು." ಆ ದಿನ ಅವರ ಹಾಸಿಗೆ ಒಳಗೆ ಬಂತು.

ಬಾಡಿಗೆಗೆ ಗಾಳಿ ಊದುವ ಯಂತ್ರ ಬಂದಿತು. ಮೂಗಿನ ಮೇಲೆ ಮುಖವಾಡ ಕೂರಿಸಿ ಪಟ್ಟಿ ಬಿಗಿಯಬೇಕು. ಗಾಳಿ ಗಂಟಲನ್ನು ತೆರೆದಿಡುತ್ತದೆ. ಹೇಳಿದಷ್ಟು ಸುಲಭವಿರಲಿಲ್ಲ. ನನ್ನ ಎಡ ಮೂಗಿನಲ್ಲಿ ಮದುವೆಯ ದಿನ ಹಾಕಿದ ಏಳು ಹರಳಿನ ಮೂಗುತಿ. ಮುಖವಾಡದ ಅಂಚು ಸರಿಯಾಗಿ ಅದರ ಮೇಲೆಯೇ ಕೂರುತ್ತಿತ್ತು. ಆ ಸಂದಿಯಿಂದ ಗಾಳಿ ಸುಯ್ಯೆಂದು ಸೋರಿ ಕಣ್ಣಿಗೆ ಹೊಡೆಯುತ್ತಿತ್ತು, ಚರ್ಮ ಸುಲಿದು ರಕ್ತ ಬರುತ್ತಿತ್ತು. ಮೂಗುತಿ ತೆಗೆಯಿರಿ ಎಂದರು ಯಂತ್ರ ತಂದವರು.

ಅತ್ತೆ ಎದ್ದು ನಿಂತರು. "ಗಂಡ ಗಟ್ಟಿ ಇರೂಮಟ ಮೂಗುತಿ ತಗಿಯೂ ಮಾತು ಈ ಮನ್ಯಾಗ ಆಡಬ್ಯಾಡ್ರಿ. ಅಂವ ಕಂಬ ಹತ್ತೂ ಮನುಷ್ಯ."

ಅವರ ಮೂಗಿನಲ್ಲಿ ಖಾಲಿ ತೂತು ಇದೆ. ಮಾವನವರು ತೀರಿಕೊಂಡ ದಿನ ಓಣಿಯ ಹೆಂಗಸರು ಅವರ ಮೂಗುತಿಯನ್ನು ತೆಗೆದದ್ದನ್ನು ನಾನು ಕಂಡಿದ್ದೇನೆ. ನಿಜ ಹೇಳಬೇಕೆಂದರೆ ನಾನೂ ಹೆದರಿದ್ದೆ. ಮೂಗುತಿ ಇಟ್ಟುಕೊಂಡೇ ಹತ್ತು ದಿನ ಯಂತ್ರದ ಜೊತೆ ಜಗಳಾಡಿದೆ. ಆಮೇಲೆ ಕಿತ್ತು ಮೂಲೆಗೆ ಇಟ್ಟೆ. ಹಗಲಿನ ನಿದ್ದೆ ಹಾಗೇ ಇತ್ತು. ಕೂಸಿಗೆ ನಾಲ್ಕು ತಿಂಗಳು ತುಂಬಲು ಬಂದಿತ್ತು. ಅಳಿಯನ ಫೋನು ಬಂತು, ಇನ್ನು ಇಪ್ಪತ್ತು ದಿನಕ್ಕೆ ಕರೆಯಲು ಬರುತ್ತೇನೆ ಎಂದು. ಕೈ ಚೆಲ್ಲಿ ಕುಳಿತೆ. ಇದು ಇಷ್ಟೇ, ನನ್ನ ಕಾಲ ಮೇಲೆ ಆ ಕೂಸು ಇನ್ನು ಬರುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮನೆಯವರು ಡ್ಯೂಟಿಯ ಚೀಲದಿಂದ ಸಣ್ಣ ಇಕ್ಕಳ ತೆಗೆದು ನನ್ನ ಮುಂದೆ ಕುಳಿತರು.

"ಯವ್ವ, ಇಲ್ಲಿ ನೋಡು" ಎಂದು ತಾಯಿಯನ್ನು ಕರೆದರು. "ನಾ ಜೀವಂತ ಅದೀನಿ ಹೌದಲ್ಲ? ಹಾಕಿದಾಂವ ನಾನು, ತಗಿಯಾಂವ ನಾನು. ಲೈನ್ ರಿಪೇರಿ ಮಾಡಬೇಕಾದ್ರ ಮೊದಲು ಫ್ಯೂಸ್ ತಗೀಬೇಕು. ಇಲ್ಲಂದ್ರ ಸಾಯೂದು."

ತಿರುಪು ಮೂವತ್ತು ವರ್ಷದ ಜಿಡ್ಡಿನಲ್ಲಿ ಕೂಡಿಹೋಗಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಹೈಟೆನ್ಷನ್ ತಂತಿ ಹಿಡಿಯುವ ಆ ಕೈ ಇಕ್ಕಳ ಬಿಗಿ ಹಿಡಿದು ತಿರುವಿತು. "ಹಗೂರಕ್ಕ ಮಾಡ್ರಿ, ಅದು ಕಂಬ ಅಲ್ಲ, ಮೂಗು" ಎಂದೆ. ಎಷ್ಟೋ ತಿಂಗಳ ಮೇಲೆ ರೇಣುಕಾ ನಕ್ಕಳು. ಅತ್ತೆ ನಗಲಿಲ್ಲ, ಎದ್ದು ಹೊರಗೆ ಹೋದರು. ಸಿಟ್ಟಾದರು ಎಂದುಕೊಂಡೆವು. ಹಿತ್ತಲಿನಿಂದ ಬೇವಿನ ಒಂದು ಎಳೆಯ ಕಡ್ಡಿ ತಂದು, ಉಗುರಿನಿಂದ ಸಣ್ಣಗೆ ಸೀಳಿ, ಮೂಗು ಚುಚ್ಚಿದ ಹೊಸದರಲ್ಲಿ ಹುಡುಗಿಯರಿಗೆ ಇಡುತ್ತಾರಲ್ಲ ಹಾಗೆ ನನ್ನ ತೂತಿಗೆ ಇಟ್ಟರು.

"ರಾತ್ರಿ ಇದು ಇರಲಿ. ಮುಂಜಾನಿ ಎದ್ದ ಕೂಡಲೇ ಮೂಗುತಿ ಹಾಕ್ಕೋ. ಖಾಲಿ ಇಡಬ್ಯಾಡ, ನೋಡಾಕ ಆಗಂಗಿಲ್ಲ ನನಗ."

ಕಡ್ಡಿ ಚರ್ಮಕ್ಕೆ ಸಮನಾಗಿ ಕೂತಿತು. ಮುಖವಾಡ ಸೋರಲಿಲ್ಲ.

ಒಂದೇ ದಿನಕ್ಕೆ ಬೆಳಕಾಯಿತು ಎಂದು ಬರೆದರೆ ಸುಳ್ಳು. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತಿತ್ತು, ನಮ್ಮ ಲೈನ್‌ಮನ್ ಎದ್ದು ತಮ್ಮದೇ ಇಲಾಖೆಗೆ ಬೈಯುತ್ತಿದ್ದರು. ಆಮೇಲೆ ಬ್ಯಾಟರಿ ಹಚ್ಚಿಕೊಟ್ಟರು. ಆದರೆ ಆರೋ ಏಳೋ ದಿನ ಕಳೆದ ಮೇಲೆ ಅಂಗನವಾಡಿಯಲ್ಲಿ ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದರು, ನಾನೊಬ್ಬಳೇ ಎಚ್ಚರವಿದ್ದೆ. ಅವರ ಉಸಿರು ಕೇಳುತ್ತ ಕುಳಿತೆ. ಒಂದೊಂದು ಪುಟ್ಟ ಮೂಗು, ಒಂದೊಂದು ಸಣ್ಣ ಸಪ್ಪಳ. ಎಷ್ಟು ದೊಡ್ಡ ಸಂಪತ್ತನ್ನು ಹೊತ್ತು ಮಲಗಿದ್ದಾವೆ ಎಂದು ಅವಕ್ಕೆ ತಿಳಿಯದು.

ರೇಣುಕಾ ಹೋಗುವ ಹಿಂದಿನ ದಿನ ಬಸಮ್ಮ ಬರಲಿಲ್ಲ. ಇಟಗಿಯಲ್ಲಿ ತಂಗಿಯ ಮನೆಗೆ ಹೋಗಿದ್ದಳು. ನಾನು ನೀರು ಕಾಯಿಸಿ ಎಂದಿನಂತೆ ಬಚ್ಚಲ ಬಾಗಿಲಿಗೆ ಇಟ್ಟು ತಿರುಗಿದೆ. ರೇಣುಕಾ ಎದುರು ನಿಂತಿದ್ದಳು, ಎದೆಗೆ ಕೂಸು.

"ಅವ್ವ, ನಾ ಸಣ್ಣಾಕಿ ಇದ್ದಾಗ ಎರಿಯೂಮುಂದ ಗುನುಗತಿದ್ದೆಲ್ಲ, ಈಗ ಬರತೈತೇನು?"

ಬಾಯಿ ಮುಚ್ಚಿ ತೋರಿಸಿದೆ. ಮ್ ಎಂದು ಬಂತು. ಒಡಕಾಗಿ, ಆದರೂ ಮೂಗಿನಿಂದ ಬಂತು.

ಅವಳು ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. "ನನಗ ಇನ್ನೂ ಹೆದರಿಕಿ ಐತಿ. ನಾ ಬಾಗಲದಾಗ ನಿಂದರತೀನಿ. ನೀ ಗುನುಗತಾ ಎರಿ. ಗುನುಗು ನಿಂತ್ರ ಬಂದು ಕೂಸು ಇಸ್ಕೋತೀನಿ."

"ಇಸ್ಕೋ" ಎಂದೆ. "ನಿಂತ ಕೂಡಲೇ ಇಸ್ಕೋ. ನನ್ನ ಕೇಳಬ್ಯಾಡ."

ಕಾಲು ಚಾಚಿ ಕುಳಿತೆ. ಅವಳು ಕೂಸನ್ನು ಬೋರಲು ಹಾಕಿದಳು. ಆ ಬಿಸಿ, ಆ ಭಾರ! ಇಪ್ಪತ್ತು ದಿನದ್ದು ಈಗ ಕಾಲು ಝಾಡಿಸಿ ಒದೆಯುತ್ತಿತ್ತು. ಎಣ್ಣೆ, ಹಿಟ್ಟು, ಮೊದಲ ತಂಬಿಗೆ, ಎರಡನೆಯದು. ಹಬೆ ಎದ್ದಿತು. ಗುನುಗುತ್ತಿದ್ದೆ. ಗುನುಗು ನನ್ನ ಕೆನ್ನೆ, ಹಣೆಯಲ್ಲೆಲ್ಲ ನಡುಗುತ್ತಿತ್ತು. ಅಂಗಾತ ಮಲಗಿಸಿದೆ. ಕೂಸು ನನ್ನ ಮುಖವನ್ನೇ ನೋಡಿತು, ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಹುಡುಕಿತು, ಕೈ ಎತ್ತಿ ನನ್ನ ಮೂಗನ್ನು ಹಿಡಿದುಕೊಂಡಿತು.

ಅಲ್ಲಿಗೆ ನನ್ನ ಗುನುಗು ನಿಂತಿತು.

ರೇಣುಕಾ ನೀರಿನಲ್ಲೇ ಧಡಧಡ ಬಂದು ಕುಕ್ಕರಿಸಿ ಎರಡೂ ಕೈ ಚಾಚಿದಳು. ನನ್ನ ಕಣ್ಣುಗಳು ಪೂರ್ತಿ ತೆರೆದಿದ್ದವು, ನೀರು ಸುರಿಯುತ್ತಿತ್ತು. ಕೈ ಕೂಸಿನ ತಲೆ ಹಿಡಿದಲ್ಲೇ ಇತ್ತು.

"ಅಳತೀಯೇನು?" ಎಂದಳು. "ಅಳಬ್ಯಾಡವ್ವ, ಮತ್ತ ಮೂಗು ಕಟ್ಟತೈತಿ."

ಚಾಚಿದ ಕೈ ಕೂಸಿನ ಕಡೆ ಬರಲಿಲ್ಲ. ತಂಬಿಗೆ ಹಿಡಿಯಿತು. ಅವಳು ನೀರು ಹಾಕಿದಳು, ನಾನು ತೊಳೆದೆ.

ಈ ರೋಗ ಹೋಗಿಲ್ಲ. ಯಂತ್ರ ಇದೆ, ಬೇವಿನ ಕಡ್ಡಿ ಇದೆ, ಹೆದರಿಕೆಯೂ ಇದೆ. ಈಗಲೂ ಬಿಸಿ ಹಾಲಿನ ಮುಂದೆ ಕುಳಿತಾಗ ನನ್ನ ಮೇಲೆ ನನಗೆ ನಂಬಿಕೆ ಸಾಲದು; ಗುನುಗಿ ನೋಡಿಕೊಳ್ಳುತ್ತೇನೆ.

ಆ ಮಧ್ಯಾಹ್ನ ಉಂಡದ್ದು: ಬಿಸಿ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಅನ್ನ, ಮಜ್ಜಿಗೆ. ರೇಣುಕಾಗೆ ಡಬ್ಬಿಯಲ್ಲಿ ಉಳಿದ ಕಡೆಯ ಅಂಟಿನ ಉಂಡೆ; ಅರ್ಧ ಮುರಿದು ನನ್ನ ಬಾಯಿಗೆ ಇಟ್ಟಳು. ಮೊದಲು ಮಲಗಿದ್ದು ಕೂಸು. ಆಮೇಲೆ ಅತ್ತೆ, ಕುಳಿತಲ್ಲೇ. ಮೂರನೆಯವಳು ರೇಣುಕಾ, ಕೂಸನ್ನು ನನ್ನ ಮಗ್ಗುಲಿಗೆ ಬಿಟ್ಟು, ಆ ಕಡೆ ಮುಖ ತಿರುಗಿಸಿ, ಬಾಗಿಲು ಪೂರ್ತಿ ತೆರೆದಿಟ್ಟು.